ಒಂದೇ ಕದನ, ಎರಡು ಮ್ಯೂಸಿಯಂ: ಬಾಲ್ಟಿಕ್ ಪ್ರವಾಸದಲ್ಲಿ ನನ್ನ ಅನುಭವ

"ಅಷ್ಟು ದೂರ ಹೋಗಿ ಮ್ಯೂಸಿಯಂನಲ್ಲಿ ಎರಡೇ ಕೋಣೆ ನೋಡಿ ಬರ್ತೀರಾ?" ಅಂತ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಮೂರು ಬಾಲ್ಟಿಕ್ ದೇಶಗಳಿಗೆ ಮತ್ತೆ ಹೊರಟಾಗ ಹೆಂಡತಿ ಕೇಳಿದಳು. ಮೈಸೂರಿನ ಗೆಳೆಯರೂ ಅದನ್ನೇ ಹೇಳಿದರು. ದುಡ್ಡು ದಂಡ ಅಂದರು. ನಾನು ಹಾಗೇ ಮಾಡಿದೆ. ಇಷ್ಟು ವರ್ಷದಲ್ಲಿ ಯುದ್ಧದ ಮ್ಯೂಸಿಯಂಗಳನ್ನು ಇಷ್ಟು ಚೆನ್ನಾಗಿ ನೋಡಿದ್ದು ಇದೇ ಮೊದಲು.

ಹಿಂದಿನ ಸಲ ಎಲ್ಲವನ್ನೂ ನೋಡಲು ಹೋಗಿದ್ದೆ. ಎಸ್ಟೋನಿಯಾದ ತಾಲಿನ್‌ನಲ್ಲಿ ಕೀಕ್ ಇನ್ ದೆ ಕೋಕ್ ಎಂಬ ಹಳೇ ಕೋಟೆ ಗೋಪುರದ ಮ್ಯೂಸಿಯಂನಲ್ಲಿ ಮಹಡಿ ಮೇಲೆ ಮಹಡಿ ಹತ್ತಿ, ಮೂರು ನಾಲ್ಕು ಗಂಟೆ ಕಳೆದು, ಐನೂರರಷ್ಟು ಫೋಟೋ ತೆಗೆದೆ. ಊರಿಗೆ ಬಂದು ನೋಡಿದರೆ ಯಾವ ಬಂದೂಕು ಯಾವ ಕಾಲದ್ದು ಅನ್ನೋದೇ ನೆನಪಿಲ್ಲ. ಗಾಜಿಗೆ ಬೆಳಕು ಹೊಡೆದು ಅರ್ಧ ಫೋಟೋ ಹಾಳು. ಲಿಥುವೇನಿಯಾದ ಕೌನಾಸ್ ತಲುಪಿದ್ದು ಸೋಮವಾರ. ಮ್ಯೂಸಿಯಂ ರಜೆ. ಮರುದಿನ ಬೆಳಿಗ್ಗೆಯೇ ವಿಮಾನ. ಬಸ್ಸು, ರೂಮು ಸೇರಿ ಏಳೆಂಟು ಸಾವಿರ ರೂಪಾಯಿ ಸುಮ್ನೆ ಹೋಯಿತು. ಅದು ಇವತ್ತಿಗೂ ಚುಚ್ಚುತ್ತದೆ.

ಈ ಸಲ ಈ ಮೂರು ದೇಶಗಳು ಸ್ವಾತಂತ್ರ್ಯಕ್ಕೆ ಹೋರಾಡಿದ ಕಾಲ, 1918ರಿಂದ 1920, ಅಷ್ಟೇ ಅಂತ ಗಟ್ಟಿ ಮಾಡಿಕೊಂಡೆ. ಒಂದು ಹಾಳೆಯಲ್ಲಿ ದೇಶಕ್ಕೊಂದರಂತೆ ಮೂರು ಕಾಲಂ ಗೀಚಿದೆ. ಮೇಲೆ ಸ್ವಾತಂತ್ರ್ಯ ಸಾರಿದ ದಿನ: ಲಿಥುವೇನಿಯಾ 1918ರ ಫೆಬ್ರವರಿ 16, ಎಸ್ಟೋನಿಯಾ ಅದೇ ಫೆಬ್ರವರಿ 24, ಲಾಟ್ವಿಯಾ ನವೆಂಬರ್ 18. ಕೆಳಗೆ ಸೋವಿಯತ್ ರಷ್ಯಾದ ಜೊತೆ ಶಾಂತಿ ಒಪ್ಪಂದ: ಮೂರಕ್ಕೂ 1920. ನಡುವಿನ ಜಾಗ ಖಾಲಿ. ಮ್ಯೂಸಿಯಂನಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಅಲ್ಲಿ ತುಂಬಬೇಕು. ಬೇರೆ ಕಾಲದ ಕೋಣೆ ಬಂದರೆ ನಿಲ್ಲದೆ ದಾಟಬೇಕು.

ಶುರು ಮಾಡಿದ್ದು ತಾಲಿನ್ ಪಕ್ಕದ ವೀಮ್ಸಿಯಲ್ಲಿ. ಅಲ್ಲಿನ ಯುದ್ಧ ಮ್ಯೂಸಿಯಂ ಇರುವುದು ಸೇನಾ ದಂಡನಾಯಕ ಯೋಹಾನ್ ಲೈಡೋನರ್ ಬಾಳಿದ ದೊಡ್ಡ ಮನೆಯಲ್ಲಿ. ಸ್ವಾತಂತ್ರ್ಯ ಯುದ್ಧ ಗೆಲ್ಲಿಸಿದ ಆ ಮನುಷ್ಯನನ್ನು 1940ರಲ್ಲಿ ಸೋವಿಯತ್ತರು ಹಿಡಿದು ಒಯ್ದರು. 1953ರಲ್ಲಿ ರಷ್ಯಾದ ವ್ಲಾದಿಮಿರ್ ಜೈಲಿನಲ್ಲಿ ತೀರಿಕೊಂಡರು. ಅವರ ಮನೆಯೊಳಗೇ ನಿಂತು ಇದನ್ನು ನೆನೆದಾಗ ಗಂಟಲು ಕಟ್ಟಿತು. ಹಾಳೆಯಲ್ಲಿ ಬರೆದುಕೊಂಡೆ: 1919ರ ಜೂನ್ 23, ವೊನ್ನು ಕದನ, ಎದುರಾಳಿ ಲಾಂಡೆಸ್ವೇರ್ (ಬಾಲ್ಟಿಕ್ ನಾಡಿನಲ್ಲಿ ನೆಲೆಸಿದ್ದ ಜರ್ಮನ್ನರ ಪಡೆ). ಎಸ್ಟೋನಿಯಾದಲ್ಲಿ ಅದು ವಿಜಯದ ದಿನ, ಸರ್ಕಾರಿ ರಜೆ.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ಲಾಟ್ವಿಯಾದ ರೀಗಾ. ನಾಲ್ಕೂವರೆ ಗಂಟೆ ದಾರಿ, ಇಪ್ಪತ್ತು ಯೂರೋ ಆಸುಪಾಸು. ಇಲ್ಲಿನ ಯುದ್ಧ ಮ್ಯೂಸಿಯಂ ಹಳೇ ಊರಿನ ಸಿಡಿಮದ್ದಿನ ಗೋಪುರದಲ್ಲಿದೆ, ನಾನು ಹೋದಾಗ ಟಿಕೆಟ್ ಇರಲಿಲ್ಲ. 1919ರ ಕೋಣೆಯಲ್ಲಿ ತ್ಸೇಸಿಸ್ ಕದನ ಅಂತ ಕಂಡಿತು. ಅದೇ ಜೂನ್. ಎದುರಾಳಿಗಳೂ ಅವರೇ, ಬಾಲ್ಟಿಕ್ ಜರ್ಮನ್ನರ ಲಾಂಡೆಸ್ವೇರ್. ಹಾಳೆ ಬಿಚ್ಚಿ ನೋಡಿದೆ. ವೊನ್ನು ಅನ್ನೋದು ತ್ಸೇಸಿಸ್‌ಗೆ ಎಸ್ಟೋನಿಯಾದವರು ಇಟ್ಟುಕೊಂಡ ಹೆಸರು! ಎರಡೂ ಒಂದೇ ಊರು, ಒಂದೇ ಕದನ. ಎಸ್ಟೋನಿಯಾ ಸೇನೆಯ ಜೊತೆ ಉತ್ತರ ಲಾಟ್ವಿಯಾದ ಪಡೆಯೂ ನಿಂತು ಹೊಡೆದಾಡಿತ್ತು. ಹಿಂದಿನ ಸಲವೂ ಇದೇ ಕೋಣೆಯಲ್ಲಿ ಓಡಾಡಿದ್ದೆ, ಏನೂ ಹೊಳೆದಿರಲಿಲ್ಲ. ಆ ಹಾಳೆ ಇಲ್ಲದಿದ್ದರೆ ಈ ಸಲವೂ ತಪ್ಪಿಹೋಗುತ್ತಿತ್ತು. ಗೆಳೆಯರಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಫೋಟೋ ಬಿಟ್ಟು ಪೆನ್ಸಿಲ್ ಹಿಡಿದೆ. ಮ್ಯೂಸಿಯಂಗೆ ಮೂರೇ ಚಿತ್ರ. ಕೈ ಅಷ್ಟು ಪಳಗಿಲ್ಲ, ಆದರೆ ಒಂದು ಹೆಲ್ಮೆಟ್ ಬರೆಯಲು ಇಪ್ಪತ್ತು ನಿಮಿಷ ದಿಟ್ಟಿಸಿ ನೋಡಬೇಕಲ್ವಾ, ಅದು ಮರೆಯುವುದೇ ಇಲ್ಲ. ಒಂದು ಕಡೆ ಕಾವಲಿಗಿದ್ದ ಅಜ್ಜಿ ನನಗೆ ಕುರ್ಚಿ ತಂದು ಕೊಟ್ಟರು. ರೀಗಾದಲ್ಲಿ ಹೊರಗೆ ಆ ಸಿಡಿಮದ್ದಿನ ಗೋಪುರದ ಗೋಡೆಯಲ್ಲಿ ಹೂತ ಫಿರಂಗಿ ಗುಂಡುಗಳನ್ನೂ ಎಣಿಸಿದೆ, ಎಂಟೋ ಒಂಬತ್ತೋ ಸಿಕ್ಕವು. ತಾಲಿನ್ ಗೋಪುರದಲ್ಲೂ ಅಂಥವು ಇವೆ. ಅವು 1577ರವು, ನನ್ನ ಹಾಳೆಗೆ ಸೇರುವುದಿಲ್ಲ.

ಖರ್ಚು ಹೇಳಿಬಿಡುತ್ತೇನೆ. ವೀಸಾ ಶುಲ್ಕ 90 ಯೂರೋ. ಮೂರು ದೇಶದ ಬಸ್ಸು, ರೈಲು ಸೇರಿ ಎಪ್ಪತ್ತರ ಹತ್ತಿರ. ಮ್ಯೂಸಿಯಂ ಟಿಕೆಟ್ಟಿಗೆ ಎಲ್ಲಾ ಸೇರಿ ಮೂವತ್ತು ದಾಟಲಿಲ್ಲ. ಹಿಂದಿನ ಸಲ ಇದಕ್ಕೇ ಮೂರು ಪಟ್ಟು ಸುರಿದಿದ್ದೆ.

ಕೌನಾಸ್‌ಗೆ ಈ ಸಲ ಮಂಗಳವಾರ ಹೋದೆ. ವಿತೌತಾಸ್ ಯುದ್ಧ ಮ್ಯೂಸಿಯಂ ಬಾಗಿಲು ತೆರೆದಿತ್ತು. ಅಲ್ಲಿ ಮಾತ್ರ ನನ್ನ ನಿಯಮ ಮುರಿದೆ. ದಾರ್ಯುಸ್ ಮತ್ತು ಗಿರೇನಾಸ್ ಅನ್ನುವ ಇಬ್ಬರು 1933ರ ಜುಲೈ 15ರಂದು ನ್ಯೂಯಾರ್ಕಿನಿಂದ ಲಿತುವಾನಿಕಾ ವಿಮಾನದಲ್ಲಿ ಇದೇ ಕೌನಾಸ್‌ಗೆ ಹೊರಟಿದ್ದರು. ಅಟ್ಲಾಂಟಿಕ್ ದಾಟಿ, 37 ಗಂಟೆ ಹಾರಿ, ಇನ್ನು ಸುಮಾರು 650 ಕಿಲೋಮೀಟರ್ ಇರುವಾಗ ಕಾಡಿನಲ್ಲಿ ಬಿದ್ದು ಇಬ್ಬರೂ ಸತ್ತರು. ಆ ವಿಮಾನದ ಅವಶೇಷ ಅಲ್ಲಿದೆ. ಹಾಳೆಯನ್ನು ಜೇಬಿಗೆ ಹಾಕಿ, ಬಾಗಿಲು ಹಾಕುವ ಹೊತ್ತಿನವರೆಗೂ ಅದರ ಮುಂದೆ ನಿಂತು ಚಿತ್ರ ಬರೆದೆ.