ಆಶ್ರಯದ ಸಂದರ್ಶನಕ್ಕೆ ಹೇಳಿಕೆ ಸಿದ್ಧಪಡಿಸುವ ಬಗೆ

ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಬಂದವರ ಆಶ್ರಯ ಅರ್ಜಿ ಬಹುಮಟ್ಟಿಗೆ ಕೆಲವೇ ಗಂಟೆಗಳ ಸಂದರ್ಶನದಲ್ಲಿ ತೀರ್ಮಾನವಾಗುತ್ತದೆ. ಸಾಕ್ಷಿಗಳು ದೂರದಲ್ಲಿರುತ್ತಾರೆ, ಕಾಗದಪತ್ರ ಮನೆಯಲ್ಲೇ ಉಳಿದಿರುತ್ತದೆ. ಕೈಯಲ್ಲಿರುವ ದೊಡ್ಡ ಪುರಾವೆ ಅವರ ಮಾತು ಮಾತ್ರ. ಆ ಮಾತು ನಿಜವಿದ್ದರೂ, ಇಸವಿ ತಾಳೆಯಾಗಲಿಲ್ಲ, ಮೊದಲು ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಹೊಂದಲಿಲ್ಲ ಎಂದು ಅರ್ಜಿ ಬಿದ್ದುಹೋಗುವುದುಂಟು. ಅರ್ಜಿದಾರರ ಪಕ್ಕ ಕೂತು ಹೇಳಿಕೆ ಬರೆಸುವ ಸ್ವಯಂಸೇವಕರಿಗಾಗಿ ಈ ಬರಹ. ವಕೀಲರು ಸಿಗುವಂತಿದ್ದರೆ ಅವರನ್ನೇ ಮೊದಲು ಕಾಣಿ. ಬ್ರಿಟನ್‌ನಂಥ ದೇಶಗಳಲ್ಲಿ ಮಾನ್ಯತೆ ಇಲ್ಲದವರು ವಲಸೆ ಕಾನೂನಿನ ಸಲಹೆ ಕೊಡುವುದೇ ಅಪರಾಧ. ಅಲ್ಲಿ ನಿಮ್ಮ ಕೆಲಸ ಬರೆದುಕೊಳ್ಳುವುದು, ಜೋಡಿಸುವುದು, ಅಷ್ಟೇ.

ಶುರುವಿಗೇ ಗಡುವು ವಿಚಾರಿಸಿ. ಅಮೆರಿಕದಲ್ಲಿ ಬಂದಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ತಡವಾದರೆ ಅದಕ್ಕೆ ತಕ್ಕ ಕಾರಣ ತೋರಿಸಬೇಕಾಗುತ್ತದೆ.

1951ರ ನಿರಾಶ್ರಿತರ ಒಡಂಬಡಿಕೆ ಯುರೋಪಿನ ಆಗಿನ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟು ಆದದ್ದು. ಕಾಲ, ಪ್ರದೇಶಗಳ ಆ ಮಿತಿಯನ್ನು 1967ರ ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ, ತೆಗೆದುಹಾಕಿತು. ಒಡಂಬಡಿಕೆಯ ಪ್ರಕಾರ ನಿರಾಶ್ರಿತರೆನಿಸಿಕೊಳ್ಳಲು ಪ್ರಾಣಭಯ ಇದ್ದರೆ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದಾದರೂ ಆ ಭಯಕ್ಕೆ ಕಾರಣವಾಗಿರಬೇಕು. ‘ಮನೆ ಸುಟ್ಟರು’ ಎಂದು ಅರ್ಜಿದಾರರು ಹೇಳಿದಾಗ ಅಲ್ಲಿಗೇ ಬಿಡಬೇಡಿ. ಯಾರು ಸುಟ್ಟರು, ಅವರ ಮನೆಯನ್ನೇ ಯಾಕೆ, ಸುಡುವಾಗ ಏನೆಂದು ಕೂಗಿದರು ಎಂದು ಕೇಳಿ. ಕಾರಣ ಬಹಳ ಸಲ ಆ ಕೂಗಿನಲ್ಲೇ ಇರುತ್ತದೆ. ಸುಟ್ಟವರು ಸರ್ಕಾರದವರಲ್ಲದಿದ್ದರೆ ಪೊಲೀಸರಿಗೆ ದೂರು ಕೊಟ್ಟರೇ, ಕೊಡದಿದ್ದರೆ ಯಾಕೆ ಎಂಬುದೂ ಬೇಕು. ‘ನಿಮ್ಮ ದೇಶದ ಬೇರೆ ಊರಿಗೆ ಹೋಗಿ ಇರಬಹುದಿತ್ತಲ್ಲ?’ ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಉತ್ತರ ಇಲ್ಲದ ಹೇಳಿಕೆ ಅರ್ಧವೇ.

ಇನ್ನು ಕಾಲಾನುಕ್ರಮ. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಗೀರಿ: ಯಾವಾಗ, ಎಲ್ಲಿ, ಏನಾಯಿತು, ಅದಕ್ಕೇನು ಪುರಾವೆ. ಅತ್ಯಂತ ಹೆಚ್ಚು ಎಡವುವುದು ಮೊದಲ ಅಂಕಣದಲ್ಲಿ. ಅಫ್ಘಾನಿಸ್ತಾನ, ಇರಾನ್‌ಗಳ ಸೌರ ಹಿಜ್ರಿ ವರ್ಷ ಮಾರ್ಚ್ 21ರ ಸುಮಾರಿಗೆ ಶುರುವಾಗುತ್ತದೆ. 1400 ಎಂದರೆ 2021ರ ಮಾರ್ಚ್‌ನಿಂದ 2022ರ ಮಾರ್ಚ್‌ವರೆಗೆ. ಬರೀ 621 ಕೂಡಿಸಿದರೆ ಚಳಿಗಾಲದ ಕೊನೆಯ ತಿಂಗಳುಗಳು ಒಂದು ವರ್ಷ ಹಿಂದೆ ಬೀಳುತ್ತವೆ. ಇಥಿಯೋಪಿಯಾದ ಪಂಚಾಂಗ ಏಳೆಂಟು ವರ್ಷ ಹಿಂದಿದೆ, ಅದಕ್ಕೆ ಹದಿಮೂರು ತಿಂಗಳು, ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ. ಗಂಟೆಯ ಎಣಿಕೆಯೂ ಅಲ್ಲಿ ಬೆಳಗಿನ ಆರರಿಂದ ಶುರು. ‘ಬೆಳಗ್ಗೆ ಎರಡು ಗಂಟೆಗೆ ಬಂದು ಹಿಡಿದರು’ ಎಂದರೆ ನಮ್ಮ ಎಂಟು ಗಂಟೆ. ಅದನ್ನು ನಡುರಾತ್ರಿ ಎಂದು ಬರೆದುಕೊಂಡರೆ, ಅಂಗಡಿ ತೆರೆದಿತ್ತು, ಮಕ್ಕಳು ಶಾಲೆಗೆ ಹೊರಟಿದ್ದರು ಎಂಬ ಮುಂದಿನ ಮಾತುಗಳೆಲ್ಲ ಸುಳ್ಳಿನಂತೆ ಕಾಣುತ್ತವೆ. ಆದ್ದರಿಂದ ಅವರು ಹೇಳಿದ ದಿನಾಂಕವನ್ನು ಅವರದೇ ಪಂಚಾಂಗದಲ್ಲಿ ಬರೆದು, ಪರಿವರ್ತಿಸಿದ್ದನ್ನು ಪಕ್ಕದಲ್ಲಿ ಬರೆಯಿರಿ.

ದಿನಾಂಕ ನೆನಪಿಲ್ಲದಿದ್ದರೆ ಊಹಿಸಿ ತುಂಬಲೇಬೇಡಿ. ಸುಗ್ಗಿ, ರಂಜಾನ್, ಮಗುವಿನ ಜನನ, ಚುನಾವಣೆ, ಇಂಥ ಗುರುತುಗಳ ಹಿಂದೆಯೋ ಮುಂದೆಯೋ ಎಂದು ಕೇಳಿ, ಸಿಕ್ಕಷ್ಟನ್ನೇ ಬರೆಯಿರಿ. ‘2019ರ ಸುಗ್ಗಿಯ ನಂತರ, ತಾರೀಖು ನೆನಪಿಲ್ಲ’ ಎಂಬ ವಾಕ್ಯ ಪ್ರಾಮಾಣಿಕವಾಗಿದೆ. ಊಹಿಸಿ ಬರೆದ ತಾರೀಖು ಮುಂದೆ ಅವರಿಗೇ ಮುಳುವಾಗುತ್ತದೆ.

ನೋವು ಉಂಡವರ ನೆನಪು ಸಾಲಾಗಿ ಬರುವುದಿಲ್ಲ. ಬ್ರಿಟನ್‌ನಲ್ಲಿದ್ದ ಕೊಸೊವೊ, ಬೋಸ್ನಿಯಾ ನಿರಾಶ್ರಿತರನ್ನು ಎರಡೆರಡು ಸಲ ಸಂದರ್ಶಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬರೇ ಹೇಳಿದ ಒಂದೇ ಘಟನೆಯ ವಿವರಗಳು ಎರಡನೇ ಸಲ ಬದಲಾಗಿದ್ದವು. ಹಾಗಾಗಿ ಒಂದೇ ದಿನ ಎಲ್ಲವನ್ನೂ ಹಿಂಡಿ ತೆಗೆಯಬೇಡಿ. ಎರಡು ಮೂರು ಬೈಠಕ್ ಇಟ್ಟುಕೊಳ್ಳಿ, ಪ್ರತಿಯೊಂದೂ ಒಂದೂವರೆ ಗಂಟೆ ಮೀರದಿರಲಿ. ಗಂಡ, ಮಕ್ಕಳು, ಅತ್ತೆ ಮಾವಂದಿರ ಮುಂದೆ ಹೆಂಗಸರು ಅತ್ಯಾಚಾರದ ಮಾತು ಎತ್ತಲಾರರು, ಅವರೊಂದಿಗೆ ಬೇರೆಯಾಗಿ ಕೂರಬೇಕು. ಅದನ್ನು ಮೊದಲ ಸಲ ಹೇಳದೆ ಆಮೇಲೆ ಹೇಳಿದರೆ, ಯಾಕೆ ಹೇಳಿರಲಿಲ್ಲ ಎಂಬುದನ್ನು ಹೇಳಿಕೆಯಲ್ಲೇ ದಾಖಲಿಸಿ. ಮೈಮೇಲೆ ಗಾಯದ ಗುರುತಿದ್ದರೆ ಇಸ್ತಾಂಬುಲ್ ಪ್ರೋಟೊಕಾಲ್, ಅಂದರೆ ಚಿತ್ರಹಿಂಸೆಯ ಗುರುತುಗಳನ್ನು ಪರೀಕ್ಷಿಸಿ ದಾಖಲಿಸುವ ವಿಶ್ವಸಂಸ್ಥೆಯ ಕೈಪಿಡಿ, ತಿಳಿದ ವೈದ್ಯರಿಂದ ವರದಿ ಮಾಡಿಸಿ. ಹೇಳಿದ ಹಿಂಸೆಗೂ ಗುರುತಿಗೂ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂದು ಆ ವರದಿ ಹಂತಗಳಲ್ಲಿ ಹೇಳುತ್ತದೆ. ‘ಹಳೆಯ ಗಾಯವಿದೆ’ ಎಂಬ ಒಂದು ಸಾಲಿನ ಚೀಟಿಗೆ ಅಂಥ ತೂಕವಿಲ್ಲ.

ಬಂದ ದಾರಿಯನ್ನು ಮುಚ್ಚಿಡಲು ದಳ್ಳಾಳಿಗಳು ಹೇಳಿಕೊಟ್ಟಿರುತ್ತಾರೆ. ಯುರೋಪಿನಲ್ಲಿ ಯೂರೊಡ್ಯಾಕ್ ಎಂಬ ಬೆರಳಚ್ಚಿನ ದತ್ತಾಂಶ ಕೋಶವಿದೆ, ಮೊದಲು ಯಾವ ದೇಶದಲ್ಲಿ ಬೆರಳಚ್ಚು ಕೊಟ್ಟರೆಂಬುದು ಅದರಲ್ಲಿ ಸಿಗುತ್ತದೆ. ದಾರಿಯ ಬಗ್ಗೆ ಒಂದು ಸುಳ್ಳು ಸಿಕ್ಕರೆ ಜೈಲಿನ ಬಗ್ಗೆ ಹೇಳಿದ ಸತ್ಯವನ್ನೂ ನಂಬುವುದಿಲ್ಲ. ನಕಲಿ ಪಾಸ್‌ಪೋರ್ಟಿನಲ್ಲಿ ಬಂದಿದ್ದರೆ ಹೇಳಿಬಿಡುವುದೇ ಸರಿ. ಅಪಾಯದ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ತಕ್ಕ ಕಾರಣ ಕೊಟ್ಟವರನ್ನು ಅಕ್ರಮ ಪ್ರವೇಶಕ್ಕಾಗಿ ಶಿಕ್ಷಿಸಬಾರದು ಎಂದು ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ದೃಢೀಕರಣಕ್ಕೆಂದು ಸ್ವದೇಶದ ರಾಯಭಾರ ಕಚೇರಿಗೆ ಹೋಗುವುದಂತೂ ಬೇಡ. ಊರಿನಲ್ಲಿರುವ ಮನೆಯವರಿಗೆ ಅಪಾಯವಾಗಬಹುದು, ಸ್ವದೇಶದ ರಕ್ಷಣೆಯನ್ನೇ ಮತ್ತೆ ಬೇಡಿದರು ಎಂದೂ ಅರ್ಥ ಹಚ್ಚಬಹುದು.

ದುಭಾಷಿ ಬೇಕಾದರೆ ಭಾಷೆಯ ಹೆಸರನ್ನು ನಿಖರವಾಗಿ ಬರೆಸಿ. ‘ಕುರ್ದಿಶ್’ ಎಂದಷ್ಟೇ ಬರೆದರೆ ಕುರ್ಮಾಂಜಿ ಆಡುವವರ ಮುಂದೆ ಸೊರಾನಿ ದುಭಾಷಿ ಬಂದು ಕೂರಬಹುದು. ಎರಡು ಮೂರು ವಾಕ್ಯ ಹೇಳಿ ನಿಲ್ಲುವುದನ್ನು ಅರ್ಜಿದಾರರಿಗೆ ರೂಢಿ ಮಾಡಿಸಿ. ಉದ್ದಕ್ಕೆ ಹೇಳುತ್ತಾ ಹೋದರೆ ದುಭಾಷಿ ಸಾರಾಂಶ ಮಾತ್ರ ಹೇಳುತ್ತಾರೆ, ದಾಖಲೆಗೆ ಹೋಗುವುದೂ ಅದೇ. ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ’, ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಲು ಧೈರ್ಯ ತುಂಬಿ. ಆದರೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಒಪ್ಪಿಸುವ ಧಾಟಿಯನ್ನು ಅಧಿಕಾರಿಗಳು ಬೇಗ ಗುರುತಿಸುತ್ತಾರೆ, ಕ್ರಮ ತಪ್ಪಿಸಿ ಕೇಳಿದೊಡನೆ ಮಾತು ಕಟ್ಟಿಹೋಗುತ್ತದೆ.

ಹೇಳಿಕೆ ಮುಗಿದ ಮೇಲೆ ಪೂರ್ತಿಯಾಗಿ ಅವರ ಭಾಷೆಯಲ್ಲಿ ಓದಿ ಹೇಳಿ, ತಿದ್ದಿಸಿ, ಆಮೇಲೆ ಸಹಿ. ಸಂದರ್ಶನದ ಲಿಖಿತ ಪ್ರತಿ ಕೊಡುವ ದೇಶವಾದರೆ ಅದನ್ನು ಕೇಳಿ ಪಡೆಯಿರಿ, ತಪ್ಪಿದ್ದರೆ ನಿರ್ಣಯಕ್ಕೆ ಮುಂಚೆಯೇ ಬರೆದು ತಿಳಿಸಿ. ತಿರಸ್ಕಾರದ ಪತ್ರ ಬಂದರೆ ಲಕೋಟೆಯನ್ನೂ ಎಸೆಯಬೇಡಿ. ಮೇಲ್ಮನವಿಯ ಗಡುವು ದಿನಗಳ ಲೆಕ್ಕದಲ್ಲಿರುತ್ತದೆ, ಪತ್ರ ಯಾವತ್ತು ಅಂಚೆಗೆ ಬಿತ್ತೆಂಬುದಕ್ಕೆ ಲಕೋಟೆಯ ಮೇಲಿನ ಅಂಚೆ ಮುದ್ರೆ ನೆರವಾಗುತ್ತದೆ.