ಡ್ಯಾಕ್ ಪರದೆಯಲ್ಲಿ 48 ಅಂತ ಇದೆಯಾ? ಹಾಗಾದರೆ ಇದನ್ನು ಓದಿ

ಕಳೆದ ತಿಂಗಳು ಕ್ಯಾತ್ಸಂದ್ರದ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಲಕ್ಷಕ್ಕೂ ಜಾಸ್ತಿ ಕೊಟ್ಟು ಡ್ಯಾಕ್ ತಂದಿದ್ದಾರೆ. ಕಂಪ್ಯೂಟರಿನ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡಿ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ ಅದು. ತಟ್ಟೆ ಇಡ್ಲಿ ತಿಂದು ಕೈ ತೊಳೆದು ಕೂತೆವು. ಸಿಡಿಯಿಂದ ತಾವೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ ವೀಣೆ ಕಚೇರಿ ಹಾಕಿದರು. ನನ್ನ ಕಣ್ಣು ಹೋಗಿದ್ದು ಡ್ಯಾಕ್‌ನ ಪುಟ್ಟ ಪರದೆ ಮೇಲೆ. ಅಲ್ಲಿ 48 ಅಂತ ಇತ್ತು. ಸಿಡಿಯಲ್ಲಿರುವುದು 44.1 ಅಲ್ವಾ? ತುಮಕೂರಿನಲ್ಲಿ ಹೀಗೆ ನಾನು ನೋಡಿದ ನಾಲ್ಕನೇ ಮನೆ ಇದು.

ಸಿಡಿಯಲ್ಲಿ ಒಂದೊಂದು ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ, ಒಂದೊಂದೂ 16 ಬಿಟ್. ಸೆಕೆಂಡಿಗೆ ಎಷ್ಟು ಅಂಕಿ ಅನ್ನುವುದೇ ರೇಟ್; ಪರದೆಯ 44.1, 48 ಎಲ್ಲ ಅದರ ಸಾವಿರದ ಲೆಕ್ಕ. ಇವು ಒಂದೂ ಬದಲಾಗದೆ ಡ್ಯಾಕ್ ತಲುಪಿದರೆ ಅದೇ ಬಿಟ್-ಪರ್ಫೆಕ್ಟ್. ಆದರೆ ವಿಂಡೋಸ್ ಎಲ್ಲ ಆಪ್‌ಗಳ ಸದ್ದನ್ನೂ ಒಂದೇ ಪಾತ್ರೆಗೆ ಸುರಿದು ಕಲಸುತ್ತದೆ. ಆ ಪಾತ್ರೆಯ ಅಳತೆ 48,000 ಇದ್ದರೆ, 147 ಅಂಕಿ ಇದ್ದ ಜಾಗಕ್ಕೆ 160 ಅಂಕಿ ಲೆಕ್ಕ ಹಾಕಿ ತುಂಬುತ್ತದೆ. ಕಿವಿಗೆ ವ್ಯತ್ಯಾಸ ಎಷ್ಟೋ ಸಲ ಗೊತ್ತಾಗುವುದಿಲ್ಲ, ನಿಜ. ಆದರೂ ಅಷ್ಟು ದುಡ್ಡು ಹಾಕಿದ ಮೇಲೆ ಸಿಡಿಯಲ್ಲಿ ಇದ್ದದ್ದೇ ಡ್ಯಾಕ್‌ಗೆ ಹೋಗಬೇಕು ಅನ್ನುವವನು ನಾನು.

ಮೊದಲು ಡ್ಯಾಕ್ ಕಂಪನಿಯ ಡ್ರೈವರ್ ಹಾಕಿ, ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ. ನಡುವೆ ಹಬ್ ಬೇಡ, ಟಿಕ್ ಟಿಕ್ ಅನ್ನುವ ತೊಂದರೆ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಹತ್ತು ಸಾವಿರದ ಯುಎಸ್‌ಬಿ ಕೇಬಲ್ ಮಾತ್ರ ಖಂಡಿತ ಕೊಳ್ಳಬೇಡಿ. ಪ್ರಿಂಟರ್ ಜೊತೆ ಬಂದ ಕೇಬಲ್ಲೂ ಅದೇ ಅಂಕಿಗಳನ್ನೇ ಒಯ್ಯುತ್ತದೆ.

ಪ್ಲೇಯರ್ ಯಾವುದು? ಫೂಬಾರ್2000 ಹಾಕಿಕೊಳ್ಳಿ, ಉಚಿತ. ಬೇರೆಯದನ್ನು ಹುಡುಕುತ್ತಾ ಟೈಮ್ ಕಳೆಯಬೇಡಿ.

ಇನ್ನು ಎಲ್ಲರೂ ಎಡವುವ ಜಾಗ. ಫೂಬಾರ್‌ನ ಔಟ್‌ಪುಟ್ ಸೆಟ್ಟಿಂಗ್ ತೆರೆದರೆ ನಿಮ್ಮ ಡ್ಯಾಕ್ ಹೆಸರು ಒಂದಕ್ಕಿಂತ ಹೆಚ್ಚು ಸಲ ಕಾಣುತ್ತದೆ. ಜನ ಮೊದಲು ಕಂಡದ್ದನ್ನು ಒತ್ತುತ್ತಾರೆ, ಹಾಡು ಬರುತ್ತದೆ, ಆಯ್ತು ಅಂತ ಎದ್ದು ಹೋಗುತ್ತಾರೆ. ಅದು ಕಲಸುವ ಪಾತ್ರೆಯ ದಾರಿ. ಹೆಸರಿನ ಜೊತೆ ಎಕ್ಸ್‌ಕ್ಲೂಸಿವ್ ಅಂತ ಇರುವುದನ್ನೇ ಆರಿಸಿ, ಆಗ ಡ್ಯಾಕ್ ಪೂರ್ತಿ ಫೂಬಾರ್ ಒಂದರ ಕೈಗೇ ಸಿಗುತ್ತದೆ. ಆಮೇಲೆ ವಿಂಡೋಸ್‌ನ ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಡ್ಯಾಕ್‌ನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ತೆರೆಯಿರಿ. ಅಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಕೆಳಗೆ ಎರಡು ಚೌಕಗಳಿವೆ. ಎರಡಕ್ಕೂ ಟಿಕ್ ಇರಬೇಕು. ಗೆಳೆಯರ ಮನೆಯಲ್ಲಿ ಎರಡನೆಯದು ಖಾಲಿ ಇತ್ತು, ಅದಕ್ಕೇ ಬ್ರೌಸರ್‌ನಲ್ಲಿ ಏನಾದರೂ ಓಡುತ್ತಿದ್ದರೆ ಫೂಬಾರ್ ಹಾಡಲು ಆಗದೆ ಎರರ್ ಕೊಡುತ್ತಿತ್ತು, ಅವರು ಬೇಸತ್ತು ಹಳೆ ದಾರಿಗೇ ಮರಳಿದ್ದರು.

ಸರಿಯಾಗಿದೆಯಾ ಅಂತ ನೋಡಲು ಹಾಡು ಓಡುತ್ತಿರುವಾಗಲೇ ಯೂಟ್ಯೂಬ್ ಹಾಕಿ. ಡ್ಯಾಕ್‌ನಿಂದ ಅದರ ಸದ್ದು ಬರಬಾರದು. ಬಂದರೆ ಪಾತ್ರೆ ಇನ್ನೂ ನಡುವೆ ಇದೆ.

ಒಂದು ಅಡ್ಡದಾರಿಯನ್ನು ಬಹಳ ಜನ ಹೇಳಿಕೊಡುತ್ತಾರೆ: ವಿಂಡೋಸ್‌ನಲ್ಲೇ 44.1 ಅಂತ ಇಟ್ಟುಬಿಡಿ, ಸಾಕು ಅಂತ. ಬೇಡ. ಪರದೆ ಮೇಲೆ 44.1 ಬರುತ್ತದೆ, ಸಮಾಧಾನ ಆಗುತ್ತದೆ, ಆದರೆ ಪಾತ್ರೆ ಅಲ್ಲೇ ಇದೆ. ಜೋರು ಸದ್ದನ್ನು ಅದುಮುವ ಲಿಮಿಟರ್ ಕೂಡ ಅಲ್ಲೇ ಇದೆ. ನಾಳೆ 96ರ ಫೈಲ್ ಹಾಕಿದರೆ ಅದೂ 44.1ಕ್ಕೆ ಇಳಿಯುತ್ತದೆ. ಹಾಡು ಬದಲಾದ ಹಾಗೆ ಪರದೆಯ ಅಂಕಿಯೂ ಬದಲಾಗಬೇಕು. ಬಿಟ್ 24 ಅಥವಾ 32 ಅಂತ ತೋರಿಸಿದರೆ ಹೆದರಬೇಡಿ. 16 ಬಿಟ್‌ಗಳ ಕೊನೆಗೆ ಸೊನ್ನೆ ಸೇರಿಸಿದರೆ ಸದ್ದು ಬದಲಾಗುವುದಿಲ್ಲ, 0.5 ಅನ್ನು 0.500 ಅಂತ ಬರೆದ ಹಾಗೆ.

ಫೂಬಾರ್‌ನಲ್ಲಿ ಹಾಡುಗಳ ಜೋರನ್ನು ಸಮ ಮಾಡುವ ರಿಪ್ಲೇಗೇನ್ ಆಫ್, ಸದ್ದನ್ನು ತಿದ್ದುವ ಡಿಎಸ್‌ಪಿಗಳ ಪಟ್ಟಿ ಖಾಲಿ, ಪ್ಲೇಯರ್ ವಾಲ್ಯೂಮ್ ಪೂರ್ತಿ. ಸದ್ದು ಕಮ್ಮಿ ಮಾಡಬೇಕಾದರೆ ಆಂಪ್ಲಿಫೈಯರ್ ಗುಂಡಿ ತಿರುಗಿಸಿ.

ಈಗ ನಿಜವಾದ ಪರೀಕ್ಷೆ. ಡಿಎಸ್‌ಡಿ64 ಫೈಲೊಂದನ್ನು ಡಿಒಪಿ ವಿಧಾನದಲ್ಲಿ ನುಡಿಸಿ. ಡಿಎಸ್‌ಡಿ ಅಂದರೆ ಸಿಡಿಯ ಹಾಗೆ 16 ಬಿಟ್ ಅಂಕಿಗಳಲ್ಲದೆ ಒಂದೊಂದೇ ಬಿಟ್ ಆಗಿ ಸದ್ದನ್ನು ಬರೆದಿಡುವ ಬೇರೆ ಬಗೆ. ಇದಕ್ಕೆ ನಿಮ್ಮ ಡ್ಯಾಕ್‌ಗೆ ಡಿಒಪಿ ಗೊತ್ತಿರಬೇಕು, ಫೂಬಾರ್‌ಗೆ ಡಿಎಸ್‌ಡಿ ಓದಬಲ್ಲ ಎಸ್‌ಎಸಿಡಿ ಅನ್ನುವ ಕಾಂಪೊನೆಂಟ್ ಸೇರಿಸಿರಬೇಕು. ಡಿಒಪಿಯಲ್ಲಿ ಡಿಎಸ್‌ಡಿಯ ಬಿಟ್‌ಗಳನ್ನು 176.4 ಕಿಲೋಹರ್ಟ್ಸ್‌ನ ಮಾಮೂಲಿ ಫೈಲಿನ ವೇಷದಲ್ಲಿ ಕಳಿಸುತ್ತಾರೆ. 24 ಬಿಟ್‌ಗಳಲ್ಲಿ ಮೇಲಿನ 8 ಬಿಟ್ ಗುರುತಿನ ಚೀಟಿ ಇದ್ದ ಹಾಗೆ, 05 ಮತ್ತು ಎಫ್‌ಎ ಅಂತ ಒಂದಾದ ಮೇಲೊಂದು ಬರುತ್ತದೆ. ದಾರಿಯಲ್ಲಿ ಯಾರಾದರೂ ವಾಲ್ಯೂಮ್ ಮುಟ್ಟಿದರೂ, ರೇಟ್ ಬದಲಿಸಿದರೂ ಚೀಟಿ ಹಾಳಾಗುತ್ತದೆ, ಡ್ಯಾಕ್‌ಗೆ ಗುರುತು ಸಿಗುವುದಿಲ್ಲ. ಆಗ ಪರದೆ ಮೇಲೆ ಬರೀ 176.4, ಸ್ಪೀಕರ್‌ನಲ್ಲಿ ಹಾಡಿನ ಬದಲು ಸುಯ್ ಅನ್ನುವ ಸದ್ದು. ಆದ್ದರಿಂದ ಆಂಪ್ಲಿಫೈಯರ್ ಸದ್ದು ತಗ್ಗಿಸಿಯೇ ಶುರು ಮಾಡಿ. ಮನೆಯಲ್ಲಿ ಡಿಟಿಎಸ್ ಸಿಡಿ (ಸರೌಂಡ್ ಸದ್ದನ್ನು ಹಿಂಡಿ ತುಂಬಿದ ಸಿಡಿ) ಮತ್ತು ಹೋಂ ಥಿಯೇಟರ್ ರಿಸೀವರ್ ಇದ್ದರೆ ಡ್ಯಾಕ್‌ನ ಬದಲು ಲ್ಯಾಪ್‌ಟಾಪ್‌ಗೆ ರಿಸೀವರ್ ಜೋಡಿಸಿಯೂ ಹೀಗೇ ಪರೀಕ್ಷಿಸಬಹುದು: ಬಿಟ್ ಸರಿಯಿದ್ದರೆ ಹಾಡು, ಇಲ್ಲದಿದ್ದರೆ ಬುಸ್ ಅನ್ನುವ ಸದ್ದು.

ಬ್ಲೂಟೂತ್‌ನಲ್ಲಿ ಸುಮ್ನೆ ಪ್ರಯತ್ನ ಪಡಬೇಡಿ, ಅಲ್ಲಿ ಸದ್ದನ್ನು ಹಿಂಡಿಯೇ ಕಳಿಸುವುದು. ಮ್ಯಾಕ್ ಇದ್ದವರು ಆಡಿಯೋ ಮಿಡಿ ಸೆಟಪ್‌ನಲ್ಲಿ ರೇಟನ್ನು ಕೈಯಾರೆ ಇಡಿ. ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಅದು ಬಿಟ್‌ಗಳ ತಪ್ಪಲ್ಲ. ಚಾರ್ಜರ್ ಕಿತ್ತು ನೋಡಿ, ನಿಂತರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ತೋರಿಸಿ.

ಗೆಳೆಯರ ಮನೆಯಲ್ಲಿ ಪರೀಕ್ಷೆ ಮೊದಲ ಸಲ ಪಾಸಾಗಲಿಲ್ಲ. ಸುಯ್ ಅಂತು. ಎಲ್ಲ ಚೌಕಗಳನ್ನೂ ಮತ್ತೆ ನೋಡಿದೆವು, ಸರಿ ಇದ್ದವು. ಕೊನೆಗೆ ಕಂಡಿದ್ದು ಫೂಬಾರ್‌ನ ಮೂಲೆಯ ವಾಲ್ಯೂಮ್ ಪಟ್ಟಿ, ಕೂದಲೆಳೆಯಷ್ಟು ಕೆಳಗಿತ್ತು. ಮೇಲಕ್ಕೆ ತಳ್ಳಿ ಮತ್ತೆ ಹಾಕಿದಾಗ 176.4 ಮಾಯವಾಗಿ ಡಿಎಸ್‌ಡಿ64 ಅಂತ ಬಂತು. ಆಮೇಲೆ ಅದೇ ವೀಣೆಯನ್ನು 44.1ರಲ್ಲಿ ಮೊದಲಿಂದ ಕೇಳಿದೆವು.