ಕತ್ತಲಲ್ಲಿ ಅಂಚು ಕಾಣಬೇಕಾದದ್ದು ನಟನಿಗೆ

ಮಂಡ್ಯ ಸೀಮೆಯ ಊರುಗಳಿಗೆ ಪೌರಾಣಿಕ ನಾಟಕದ ಬೆಳಕಿಗೆಂದು ಹೋದಾಗ ನಾನು ಮೊದಲು ನೋಡುವುದು ಲೈಟುಗಳನ್ನಲ್ಲ, ವೇದಿಕೆಗೆ ಹಾಸಿದ ಕಾರ್ಪೆಟ್ಟನ್ನು. ಶಾಮಿಯಾನದವರು ಅಂದಕ್ಕೆಂದು ಅದನ್ನು ಹಲಗೆಯ ತುದಿಯಾಚೆಗೂ ಚಾಚಿರುತ್ತಾರೆ. ಹಲಗೆ ಎಲ್ಲಿ ಮುಗಿಯಿತೆಂದು ಹಗಲಲ್ಲೇ ತಿಳಿಯುವುದಿಲ್ಲ. ಕಿರೀಟ, ಭುಜಕೀರ್ತಿ ಹೊತ್ತು ಗದೆ ಬೀಸುತ್ತಾ ಹಿಂದೆ ಸರಿಯುವ ದುರ್ಯೋಧನನಿಗೆ ರಾತ್ರಿ ತಿಳಿಯುವುದೆಲ್ಲಿಂದ? ಕಾರ್ಪೆಟ್ಟನ್ನು ಅಂಚಿಗೆ ಬಿಗಿದು ಮೊಳೆ ಹೊಡೆಸಿದ ಮೇಲೆಯೇ ಅಂಚಿನ ಗುರುತಿಗೆ ಅಂಟಿಸುವ ನನ್ನ ಟೇಪು ಚೀಲದಿಂದ ಹೊರಬರುವುದು.

ಕತ್ತಲಲ್ಲಿ ಹೊಳೆಯುವ ಟೇಪಿಗೆ ಸ್ವಂತ ಬೆಳಕಿಲ್ಲ. ಅದರಲ್ಲಿರುವ ಸ್ಟ್ರಾಂಷಿಯಂ ಅಲ್ಯುಮಿನೇಟ್ ಎಂಬ ರಾಸಾಯನಿಕ ತನ್ನ ಮೇಲೆ ಬಿದ್ದ ಬೆಳಕನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅಷ್ಟೆ. ಪರದೆಯ ಹಿಂದಿನ ಮೆಟ್ಟಿಲು ಸಂಜೆಯಿಂದ ನೆರಳಲ್ಲೇ ಇದ್ದರೆ ಅಲ್ಲಿನ ಟೇಪು ಬರೀ ಮಾಸಲು ಪಟ್ಟಿ. ಹಾಗಾಗಿ ನಾಟಕಕ್ಕೆ ಮುಂಚೆ ಪ್ರತಿ ತುಂಡಿಗೂ ಟಾರ್ಚ್ ಹಿಡಿಯುತ್ತೇನೆ. ಬೆಳಗಿನವರೆಗೂ ನಡೆಯುವ ಆಟವಾದರೆ ನಡುನಡುವೆ ಮತ್ತೆ. 'ಟೇಪಿಗೆ ಮಂಗಳಾರತಿ ಆಯಿತೇ ಅಣ್ಣಾ?' ಎಂದು ತಬಲಾದವರು ನಗುತ್ತಾರೆ. ನಗಲಿ.

ಮೈಸೂರಿನ ಹವ್ಯಾಸಿ ತಂಡಗಳ ತಕರಾರು ಬೇರೆ. ಪ್ರೇಕ್ಷಕರಿಗೆ ಹಸಿರು ಮಿಣುಕು ಕಂಡರೆ ಕತ್ತಲಿನ ದೃಶ್ಯ ಕೆಟ್ಟಿತೆಂದು ನಿರ್ದೇಶಕರು ಮುಖ ಸಿಂಡರಿಸುತ್ತಾರೆ. ಮಾತಿನಲ್ಲಿ ಹುರುಳಿದೆ. ಅದಕ್ಕೇ ಉದ್ದ ಪಟ್ಟಿ ಬಿಟ್ಟು, ಅಂಗುಲದ ತುಂಡುಗಳನ್ನು ಅಡಿಗೊಂದರಂತೆ, ಅಂಚಿನಿಂದ ಒಂದು ಗೇಣು ಒಳಗೆ ಅಂಟಿಸುತ್ತೇನೆ. ಮೂಲೆಗೆ ಮಾತ್ರ ಎರಡು ತುಂಡು ಅಡ್ಡ-ಉದ್ದ. ಸೆಟ್ಟಿನ ಮೆಟ್ಟಿಲುಗಳಲ್ಲಿ ನಟರ ಕಡೆಗೆ ತಿರುಗಿದ ಮೈಗೆ ಅಂಟಿಸಿದರೆ ಸಭೆಗೆ ಕಾಣುವುದೇ ಇಲ್ಲ. ರಂಗಾಯಣದ ವನರಂಗದಂಥ ಬಯಲು ವೇದಿಕೆಯಲ್ಲಿ ಧೂಳು, ಇಬ್ಬನಿಗೆ ಅಂಟು ಬಿಡುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಮೇಲೊಂದು ಪಾರದರ್ಶಕ ಟೇಪು ಎಳೆಯಬೇಕು.

ಇಷ್ಟಾದರೂ ಕಣ್ಣಿನದೊಂದು ರಗಳೆ ಇದೆ. ಪ್ರಖರ ಬೆಳಕಿನಿಂದ ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ದೃಶ್ಯ ಬದಲಿಸುವ ಕತ್ತಲೆಯಾದರೋ ಕೆಲವೇ ಸೆಕೆಂಡುಗಳದು. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ನೋಟದ ನಟ್ಟನಡುವೆ ಇರುವುದಿಲ್ಲವಾದ್ದರಿಂದ, ಗುರುತನ್ನು ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿ ಎಂದು ನಟರಿಗೆ ಹೇಳಿಕೊಡುತ್ತೇನೆ. ಬರಿಗಾಲಿನ ನೃತ್ಯದವರಿಗೆ ನನ್ನ ನೆಚ್ಚಿನ ಉಪಾಯ ಬೇರೆ: ಅಂಚಿಗೆ ಒಂದಡಿ ಮುಂಚೆ ಸಣ್ಣ ಹುರಿ ಎಳೆದು ಅದರ ಮೇಲೆ ಬಟ್ಟೆ ಟೇಪು ಒತ್ತುವುದು. ಎಡವುವಷ್ಟು ದಪ್ಪವಿರಬಾರದು, ಅಂಗಾಲಿಗೆ ತಿಳಿದರೆ ಸಾಕು. ಬೂಟು ತೊಟ್ಟ ರಾಜರಿಗೆ ಇದು ತಿಳಿಯುವುದಿಲ್ಲ. ಅವರು ಇಳಿಯುವ ಮೆಟ್ಟಿಲ ಬಳಿ ನೀಲಿ ಹಾಳೆ ಸುತ್ತಿದ ಟಾರ್ಚ್ ಕೊಟ್ಟು ಒಬ್ಬ ಹುಡುಗನನ್ನು ನಿಲ್ಲಿಸುತ್ತೇನೆ.